ನಲವತ್ತನಾಲ್ಕು ವ್ಯಾಟ್‌ಗಳ ವ್ಯತ್ಯಾಸ

ಹೇಳಿಕೆ ಕೊಡುತ್ತಿರುವವಳು: ಹೆಂಗಸು, ವಯಸ್ಸು 43 ವರ್ಷ, ಕಸುಬು ಸೈಕಲ್ ರಿಪೇರಿ. ಸವಾರರೆಲ್ಲ 'ರಿಪೇರಿ ಮೇಡಂ' ಎನ್ನುತ್ತಾರೆ. ವಾಸ: ರೈಲ್ವೆ ಗೇಟಿನ ಹಿಂದಿನ ಬೀದಿ, ಕೆಳಗೆ ಅಂಗಡಿ, ಮೇಲೆ ಮನೆ.

ಕಳೆದ ಭಾನುವಾರ, 14ನೇ ತಾರೀಖು ಬೆಳಿಗ್ಗೆ, ನೀರಿನ ಟ್ಯಾಂಕಿನ ಸಿಗ್ನಲ್‌ನಲ್ಲಿ ನಡೆದ ಅಪಘಾತದ ಬಗ್ಗೆ ಅದೇ ದಿನ ಈ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅವರ ಮುಂದೆ ನಾನು ತಲೆಯಾಡಿಸಿದ್ದು ಸರಿಯಲ್ಲ. ಆ ಕಾರಣಕ್ಕೆ ಇಂದು ನಾನಾಗಿಯೇ ಬಂದು, ನನಗೆ ಗೊತ್ತಿರುವುದನ್ನು ಮೊದಲಿನಿಂದ ಹೇಳಿ ಬರೆಸುವುದು ಹೀಗಿದೆ.

ಗಾಯಗೊಂಡವರು ನನ್ನ ಅಕ್ಕನ ಗಂಡ. ವಯಸ್ಸು 51, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಾನು ಅವರನ್ನು ಭಾವ ಎಂದೂ, ಸೈಕಲ್ ಕ್ಲಬ್ಬಿನವರು ಮೇಷ್ಟ್ರು ಎಂದೂ ಕರೆಯುತ್ತೇವೆ. ಅವರು ಆರು ವರ್ಷದಿಂದ ಕ್ಲಬ್ಬಿನ ಮೊದಲ ಗುಂಪಿನಲ್ಲಿದ್ದರು. ಕ್ಲಬ್ಬಿನಲ್ಲಿ ಎರಡು ಗುಂಪುಗಳಿವೆ. ಭಾನುವಾರ ಮೊದಲ ಗುಂಪು ಮುಂದೆ ಹೋಗುತ್ತದೆ, ಎರಡನೆಯದು ಹಿಂದೆ ಬರುತ್ತದೆ. ನಾನು ಪಂಕ್ಚರ್ ಸಾಮಾನು ಹೊತ್ತುಕೊಂಡು ಎಲ್ಲರಿಗಿಂತ ಕೊನೆಯಲ್ಲಿರುತ್ತೇನೆ.

ಯಾರು ಯಾವ ಗುಂಪು ಎಂಬುದನ್ನು ವ್ಯಾಟ್ ನೋಡಿ ನಿರ್ಧರಿಸುತ್ತಾರೆ. ವ್ಯಾಟ್ ಎಂದರೆ ಕಾಲು ಪೆಡಲಿಗೆ ಹಾಕುವ ಶಕ್ತಿಯ ಲೆಕ್ಕ. ಕ್ಲಬ್ಬಿನವರು ಎದುರಿಗೆ ಸಿಕ್ಕಾಗ ಚೆನ್ನಾಗಿದ್ದೀರಾ ಎಂದು ಕೇಳುವುದಿಲ್ಲ, ಈ ವಾರ ಎಷ್ಟು ಎಂದು ಕೇಳುತ್ತಾರೆ. ಹೊಟ್ಟೆಯನ್ನು ಇದ್ದ ಹಾಗೇ ಇಟ್ಟುಕೊಂಡು ಸೀಟಿನ ತೂಕ ಇಳಿಸಿಕೊಡಿ ಎಂದು ನನ್ನ ಅಂಗಡಿಗೆ ಬರುತ್ತಾರೆ. ನನ್ನ ಅಂಗಡಿ ನಡೆಯುವುದು ಹೆಚ್ಚಾಗಿ ಅವರಿಂದಲೇ.

ಪ್ರತಿ ತಿಂಗಳ ಮೊದಲ ಬುಧವಾರ ಸಂಜೆ 6.30ಕ್ಕೆ, ಟೈಲ್ಸ್ ಅಂಗಡಿಯ ಮೇಲಿನ ಹಾಲಿನಲ್ಲಿ ಪರೀಕ್ಷೆ ಇರುತ್ತದೆ. ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿ, ಟ್ರೇನರ್ ಎಂಬ ನಿಂತ ಯಂತ್ರಕ್ಕೆ ಜೋಡಿಸಿ, ಇಪ್ಪತ್ತು ನಿಮಿಷ ತುಳಿಯಬೇಕು. ಟ್ರೇನರ್ ವ್ಯಾಟ್ ತೋರಿಸುತ್ತದೆ. ಭಾವನ ಸೈಕಲ್ಲಿಗೂ ಒಂದು ಮೀಟರ್ ಇತ್ತು, ಅದು ಎಡ ಪೆಡಲನ್ನು ಹಿಡಿದಿರುವ ಕ್ರ್ಯಾಂಕ್ ಎಂಬ ತೋಳಿಗೆ ಅಂಟಿಕೊಂಡಿರುವಂಥದ್ದು. ಎರಡೂ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸವಾಗಿತ್ತು.

ಜನವರಿಯಲ್ಲಿ ಭಾವನ ಮೀಟರ್ 236 ತೋರಿಸಿತು, ಟ್ರೇನರ್ 231. ಐದು ವ್ಯಾಟ್ ಚೈನಿನಲ್ಲಿ ಸವೆದುಹೋಗುತ್ತದೆ, ಅದು ಎಲ್ಲರಿಗೂ ಇರುವುದೇ. ಮಾರ್ಚಿನಲ್ಲಿ 238 ಮತ್ತು 225. ಮೇ ತಿಂಗಳಲ್ಲಿ 236 ಮತ್ತು 211. ಮೊದಲ ಗುಂಪಿಗೆ 220 ಬೇಕು. ಭಾವ ಗೋಡೆಯ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ 236 ಎಂದು ಬರೆದರು. ಕ್ಲಬ್ಬಿನ ಕ್ಯಾಪ್ಟನ್ ಅದನ್ನು ಹೊಡೆದುಹಾಕಿ 211 ಎಂದು ಬರೆದರು, ಗುಂಪನ್ನು ಮಾತ್ರ ಆಗ ಬದಲಿಸಲಿಲ್ಲ. ಕ್ಯಾಪ್ಟನ್ ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಅವರು ಎಲ್ಲರ ಮುಂದೆ, ಮೇಷ್ಟ್ರ ಮಗ್ಗೀಲಿ ಎರಡೊಂದ್ಲ ಮೂರು ಅಂತ ಕಾಣ್ಸುತ್ತೆ ಎಂದರು. ಹದಿನಾಲ್ಕು ಜನ ಇದ್ದರು, ಎಲ್ಲರೂ ನಕ್ಕರು. ನಾನೂ ನಕ್ಕೆ. ಭಾವ ಟವೆಲಿನಲ್ಲಿ ಮುಖ ಒರೆಸಿಕೊಂಡು, ಒರೆಸಿಕೊಳ್ಳುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ 8.15ಕ್ಕೆ ಭಾವ ಅಂಗಡಿಗೆ ಬಂದು, ಮೀಟರ್ ಸರಿಯಿದೆಯೇ ಎಂದು ಪರೀಕ್ಷಿಸಲು ಹೇಳಿದರು. ನಾನು ಎಡ ಪೆಡಲಿಗೆ 20 ಕಿಲೋ ತೂಕದ ಕಬ್ಬಿಣದ ಬಟ್ಟು ನೇತುಹಾಕಿ ನೋಡಿದೆ. ಮೀಟರ್ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಿಮ್ಮ ಮೀಟರ್ ಸರಿ ಇದೆ ಭಾವ ಎಂದು ಹೇಳಿದೆ. ಅದೇ ವಾರ ಕ್ಯಾಪ್ಟನ್ ಹೇಳಿದ್ದರಿಂದ ಬೇರೆ ಮೂವರ ಸೈಕಲ್ ಹಾಕಿ ಟ್ರೇನರ್ ಪರೀಕ್ಷಿಸಿದೆ. ಅದೂ ಸರಿಯಿತ್ತು. ನಿಮ್ಮ ಟ್ರೇನರ್ ಸರಿ ಇದೆ ಡಾಕ್ಟ್ರೇ ಎಂದು ಅವರಿಗೂ ಹೇಳಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಎರಡೂ ಸರಿಯಿದ್ದರೆ ವ್ಯತ್ಯಾಸ ಎಲ್ಲಿಂದ ಬಂತು ಎಂದು ನಾನು ಯೋಚಿಸಲಿಲ್ಲ. ಯೋಚಿಸಲು ನನಗೆ ಸಮಯವಿತ್ತು.

ಆಗಸ್ಟ್ 6ರಂದು ಮೀಟರ್ 240, ಟ್ರೇನರ್ 196. ನಲವತ್ತನಾಲ್ಕು ವ್ಯಾಟ್ ವ್ಯತ್ಯಾಸ. ಮೀಟರನ್ನು ಯಾರೋ ತಿದ್ದಿದ್ದಾರೆ ಎಂದು ಕ್ಯಾಪ್ಟನ್ ಹೇಳಿ, ಭಾವನನ್ನು ಎರಡನೇ ಗುಂಪಿಗೆ ಹಾಕಿದರು. ಮೀಟರಿನ ಸ್ಕ್ರೂ ಮುಟ್ಟುವವಳು ನಾನೊಬ್ಬಳೇ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ನಾನು ಬಾಯಿ ಬಿಡಲಿಲ್ಲ. ಭಾವ ಮೆಟ್ಟಿಲು ಇಳಿಯುವಾಗ ಬಲಗಾಲಿನ ಚಪ್ಪಲಿ ಕಳಚಿ ನಾಲ್ಕು ಮೆಟ್ಟಿಲು ಕೆಳಗೆ ಬಿತ್ತು. ಸಿಟ್ಟಿಗೆ ಹಾಗಾಯಿತು ಎಂದುಕೊಂಡೆ. ಆ ಮೇಲೆ ಅವರು ಬುಧವಾರ ಹಾಲಿಗೆ ಬರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಅಕ್ಕ ಫೋನು ಮಾಡಿದಾಗ, ಇವರು ಒಂದೊಂದೇ ಚಪ್ಪಲಿ ಬಿಟ್ಟು ಬರ್ತಾರೆ ಕಣೇ, ಕ್ಲಾಸಲ್ಲೂ ಹಾಗೇ ಆಗಿ ಮಕ್ಕಳು ನಕ್ಕರಂತೆ ಎಂದು ಹೇಳಿದಳು. ವಯಸ್ಸಾಯ್ತು ಬಿಡೇ ಎಂದು ನಾನು ಹೇಳಿದೆ.

ಸೆಪ್ಟೆಂಬರ್ 12, ಶುಕ್ರವಾರ ಸಂಜೆ 5.40ಕ್ಕೆ ಭಾವ ಸೈಕಲ್ ತಂದರು. ಸವಾರರ ಬೂಟು ಪೆಡಲಿಗೆ ಕಚ್ಚಿಕೊಳ್ಳುವಂತೆ ಪೆಡಲಿನಲ್ಲಿ ಸ್ಪ್ರಿಂಗ್ ಇರುತ್ತದೆ. ನಿಲ್ಲಿಸುವಾಗ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬೂಟು ಬಿಡಿಸಿಕೊಳ್ಳುತ್ತದೆ. ಬಲಗಾಲು ಪೆಡಲಿನಿಂದ ಜಾರ್ತಾ ಇದೆ, ಸ್ವಲ್ಪ ಬಿಗಿ ಮಾಡಿಕೊಡು ಎಂದು ಭಾವ ಕೇಳಿದರು. ನಾನು ಬಲ ಪೆಡಲಿನ ಸ್ಪ್ರಿಂಗನ್ನು ನಾಲ್ಕು ಕ್ಲಿಕ್ ಬಿಗಿ ಮಾಡಿದೆ. ಸಾಮಾನ್ಯವಾಗಿ ಒಂದು ಅಥವಾ ಎರಡು ಮಾಡುತ್ತೇನೆ. ಅಂಗಡಿಯ ಸ್ಟ್ಯಾಂಡಿನ ಮೇಲೆ ಕೂರಿಸಿ ಕಾಲು ಬಿಡಿಸಿ ತೋರಿಸಿ ಎಂದು ಕೇಳುವುದು ಪದ್ಧತಿ. ಅವತ್ತು ಕೇಳಲಿಲ್ಲ. ಬೇರೆ ಗಿರಾಕಿ ಕಾಯುತ್ತಿದ್ದರು.

14ನೇ ತಾರೀಖು ಬೆಳಿಗ್ಗೆ 5.45ಕ್ಕೆ ಹೊರಟೆವು. ಎರಡನೇ ಗುಂಪಿನಲ್ಲಿ ಭಾವ ಕೊನೆಯವರು, ಅವರ ಹಿಂದೆ ನಾನು. ದಾರಿಯಲ್ಲಿ ಅವರು ಎರಡು ಸಲ ಕೈಯಿಂದ ಬಲ ಮೊಣಕಾಲು ತಟ್ಟಿಕೊಂಡರು. ಏನಾಯ್ತು ಭಾವ ಎಂದು ಕೇಳಿದ್ದಕ್ಕೆ, ಕಾಲು ನನ್ನ ಮಾತು ಕೇಳ್ತಿಲ್ಲ, ಎಂಟನೇ ಕ್ಲಾಸಿನವರ ಹಾಗೆ ಎಂದರು.

6.52ಕ್ಕೆ ನೀರಿನ ಟ್ಯಾಂಕಿನ ಸಿಗ್ನಲ್ ಕೆಂಪಾಗಿತ್ತು. ಗುಂಪಿನ ಉಳಿದವರು ಆಗಲೇ ಸಿಗ್ನಲ್ ದಾಟಿ ಹೋಗಿದ್ದರು, ನಾವಿಬ್ಬರು ರಸ್ತೆಯ ಎಡ ಅಂಚಿನಲ್ಲಿದ್ದೆವು. ಭಾವನಿಗೂ ನನಗೂ ನಡುವೆ ನಾಲ್ಕು ಮೀಟರ್. ಲಾಂಡ್ರಿ ಕಂಪನಿಯ ಬಿಳಿ ವ್ಯಾನ್ ನಮ್ಮ ಬಲಗಡೆಯ ಸಾಲಿನಲ್ಲಿ ಬರುತ್ತಿತ್ತು. ಅದೂ ಸಿಗ್ನಲ್‌ಗಾಗಿ ನಿಧಾನ ಮಾಡಿತ್ತು, ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೇ. ಭಾವನ ಸೈಕಲ್ ನಿಂತಿತು. ಅವರು ಯಾವಾಗಲೂ ಬಲಗಾಲು ಬಿಡಿಸಿ ಇಳಿಯುವವರು. ಹಿಮ್ಮಡಿ ತಿರುಗಿಸಲು ನೋಡಿದ್ದನ್ನು ನಾನು ಕಂಡೆ. ಮೂರು ಸಲ ನೋಡಿದರು. ಕಾಲು ತಿರುಗಲಿಲ್ಲ. ನಿಂತ ಸೈಕಲ್ಲಿನ ಸಮೇತ ಮೆಲ್ಲಗೆ, ಕಡಿದ ಮರದ ಹಾಗೆ ಬಲಕ್ಕೆ ಒರಗಿ ವ್ಯಾನಿನ ಮುಂದೆ ಬಿದ್ದರು. ವ್ಯಾನಿನ ಎಡ ಮುಂಚಕ್ರ ಸೈಕಲ್ಲಿನ ಮುಂದಿನ ಚಕ್ರದ ಮೇಲೆ ಹತ್ತಿ, ಬಂಪರು ಭಾವನ ಸೊಂಟಕ್ಕೆ ತಾಗಿ ನಿಂತಿತು. ಅವರು ಬೀಳುವಾಗ ಆ ಜಾಗಕ್ಕೂ ವ್ಯಾನಿಗೂ ನಡುವೆ ಎರಡು ಮೀಟರ್ ಕೂಡ ಇರಲಿಲ್ಲ.

ಚಾಲಕ ಕೂಡಲೇ ಇಳಿದು ಬಂದರು. ಸುಮಾರು ಮೂವತ್ತು ವರ್ಷದವರು. ಭಾವನ ಬಲ ಬೂಟು ಇನ್ನೂ ಪೆಡಲಿಗೆ ಕಚ್ಚಿಕೊಂಡಿತ್ತು. ನಾನು ಬೂಟಿನ ಪಟ್ಟಿ ಬಿಚ್ಚಿ ಕಾಲನ್ನು ಹೊರಗೆ ತೆಗೆದೆ. ಚಾಲಕ ವ್ಯಾನಿನಿಂದ ಒಗೆದ ಬಿಳಿ ಹಾಸು ತಂದು ತಲೆಯ ಕೆಳಗಿಟ್ಟರು. ಆಂಬುಲೆನ್ಸ್‌ಗೆ ಫೋನ್ ಮಾಡಿದ್ದೂ ಅವರೇ, 6.55ಕ್ಕೆ.

7.05ಕ್ಕೆ ಸುದ್ದಿ ತಿಳಿದು ಮೊದಲ ಗುಂಪಿನವರು ಹಿಂತಿರುಗಿ ಬಂದರು. ಕ್ಯಾಪ್ಟನ್ ಏನೂ ಕೇಳದೆ ಚಾಲಕನ ಕೆನ್ನೆಗೆ ಎರಡು ಏಟು ಹೊಡೆದರು. ಬೇರೊಬ್ಬರು ವ್ಯಾನಿನ ಕನ್ನಡಿ ಮುರಿದರು. ಮತ್ತೊಬ್ಬರು ಚಾಲಕನ ಫೋಟೊ ತೆಗೆದು ಕ್ಲಬ್ಬಿನ ಗ್ರೂಪಿಗೆ ಹಾಕಿದರು. ಅಷ್ಟು ಹೊತ್ತೂ ಚಾಲಕ, ಅವರೇ ಬಿದ್ರು ಸಾರ್, ಈ ಅಮ್ಮನ್ನ ಕೇಳಿ ಎಂದು ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನು ಭಾವನ ಬೂಟು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ.

ಹೆಡ್ ಕಾನ್‌ಸ್ಟೇಬಲ್ 7.20ಕ್ಕೆ ಬಂದರು. ವ್ಯಾನ್ ಅತಿವೇಗದಿಂದ ಬಂದು ಹಿಂದಿನಿಂದ ಗುದ್ದಿತು ಎಂದು ಕ್ಯಾಪ್ಟನ್ ಹೇಳಿದರು. ಅಪಘಾತವಾದಾಗ ಅವರು ಅಲ್ಲಿಂದ ಮೂರು ಕಿಲೋಮೀಟರ್ ದೂರದಲ್ಲಿದ್ದರು. ಹೌದೇನಮ್ಮಾ ಎಂದು ಹೆಡ್ ಕಾನ್‌ಸ್ಟೇಬಲ್ ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ನಾಲ್ಕು ಕ್ಲಿಕ್ ಎಂಬುದು ಮಾತ್ರ ತಲೆಯಲ್ಲಿತ್ತು. ಚಾಲಕನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು.

ಭಾವನ ಸೊಂಟದ ಮೂಳೆ ಮುರಿದಿತ್ತು. ಸೋಮವಾರ ಬೆಳಿಗ್ಗೆ 11 ಗಂಟೆಗೆ ಮೂಳೆ ಡಾಕ್ಟರು ಎರಡೂ ಮೀನಖಂಡಗಳಿಗೆ ಟೇಪು ಸುತ್ತಿ ನೋಡಿದರು. ಎಡ 37 ಸೆಂಟಿಮೀಟರ್, ಬಲ 33. ಇದು ನಿನ್ನೆ ಇವತ್ತಿಂದಲ್ಲ, ಇಷ್ಟು ದಿನ ಯಾರೂ ನೋಡ್ಲಿಲ್ವಾ ಎಂದು ಅಕ್ಕನನ್ನು ಕೇಳಿದರು. ಸಂಜೆ ಸ್ಕ್ಯಾನ್ ಆಯಿತು. ಸೊಂಟದ ಮೇಲ್ಭಾಗದ ಬೆನ್ನೆಲುಬಿನಲ್ಲಿ ಗೆಡ್ಡೆ ಬೆಳೆದು ಬಲಗಾಲಿನ ನರವನ್ನು ಒತ್ತುತ್ತಿದೆ, ಎಂಟು ತಿಂಗಳಾದರೂ ಆಗಿರಬೇಕು ಎಂದರು.

ಆ ದಿನ ಮನೆಗೆ ಬಂದು ಅಂಕಿಗಳ ಪುಸ್ತಕ ತೆಗೆದೆ. ಭಾವನ ಮೀಟರ್ ಎಡಗಾಲನ್ನು ಮಾತ್ರ ಅಳೆದು, ಬಲಗಾಲೂ ಅಷ್ಟೇ ಇರುತ್ತದೆ ಎಂದು ಎರಡರಿಂದ ಗುಣಿಸಿ ತೋರಿಸುತ್ತದೆ. ಟ್ರೇನರ್ ಎರಡೂ ಕಾಲುಗಳನ್ನು ಕೂಡಿಸಿ ಅಳೆಯುತ್ತದೆ. ಇದು ನನಗೆ ಮೊದಲೇ ಗೊತ್ತಿತ್ತು. ಈ ಮೀಟರ್ ಹೀಗೆ ಎಂದು ಭಾವನಿಗೆ ಹೇಳಿ ಜೋಡಿಸಿದವಳೇ ನಾನು. ಎಲ್ಲರ ಕಾಲುಗಳೂ ಹೆಚ್ಚುಕಡಿಮೆ ಒಂದೇ ಎಂದು ಆಗ ಹೇಳಿದ್ದೆ.

ಮಂಗಳವಾರ ಮಧ್ಯಾಹ್ನ ಪುಸ್ತಕವನ್ನು ಆಸ್ಪತ್ರೆಗೆ ಒಯ್ದು ಭಾವನಿಗೆ ಕೊಟ್ಟೆ. ಅವರು ಮಲಗಿದ್ದಲ್ಲೇ ಔಷಧಿ ಚೀಟಿಯ ಹಿಂದೆ ಲೆಕ್ಕ ಹಾಕಿದರು. ಟ್ರೇನರಿನ ಅಂಕಿಗೆ ಚೈನಿನ ಐದು ಕೂಡಿಸಿ, ಮೀಟರಿನ ಅರ್ಧ, ಅಂದರೆ ಎಡಗಾಲಿನದು ಕಳೆದು, ಬಲಗಾಲು ಎಂದು ತಲೆಬರಹ ಹಾಕಿ ಬರೆದರು: ಜನವರಿ 118, ಮಾರ್ಚ್ 111, ಮೇ 98, ಆಗಸ್ಟ್ 81. ಕೆಳಗೆ ಎರಡು ಗೆರೆ ಎಳೆದರು. ಆಮೇಲೆ, ಎರಡು ಮೀಟರೂ ನಿಜಾನೇ ಹೇಳಿದಾವೆ ನೋಡು ಎಂದರು. ಹಾಗಾದ್ರೆ ನಾನು ಸುಳ್ಳು ಬರ್ದಿರ್ಲಿಲ್ಲ, ಡಾಕ್ಟ್ರಿಗೆ ಇದನ್ನ ತೋರ್ಸು ಎಂದು ನಗುತ್ತ ಹೇಳಿದರು. ಯಾವ ಡಾಕ್ಟರಿಗೆ ಎಂದು ಅಕ್ಕ ಕೇಳಿದಳು. ಹಲ್ಲಿನ ಡಾಕ್ಟ್ರಿಗೆ ಎಂದರು. ಅಕ್ಕ ಹೊರಗೆ ಹೋಗಿ ವರಾಂಡದ ಬೆಂಚಿನ ಮೇಲೆ ಕುಳಿತಳು.

ನಾನು ಹೋಗಿ ಪಕ್ಕದಲ್ಲಿ ಕುಳಿತು ನಾಲ್ಕು ಕ್ಲಿಕ್ಕಿನ ವಿಷಯ ಹೇಳಿದೆ. ಅಕ್ಕ ನನ್ನನ್ನು ಬೈಯಲಿಲ್ಲ. ಆ ಡ್ರೈವರ್ ಹುಡುಗ ಎಲ್ಲಿದಾನೆ ಎಂದು ಕೇಳಿದಳು. ದಿನಾ ಠಾಣೆಗೆ ಕರೆಸಿ ಕೂರಿಸ್ತಿದಾರಂತೆ ಎಂದೆ. ಹಾಗಾದ್ರೆ ಇಲ್ಲಿ ಕೂತ್ಕೊಂಡು ಏನ್ಮಾಡ್ತಿದೀಯ ಎಂದಳು. ಆದರೂ ನಾನು ಅವತ್ತು ಬರಲಿಲ್ಲ.

ಬುಧವಾರ ಬೆಳಿಗ್ಗೆ 9ರಿಂದ 1.30ರವರೆಗೆ ಆಪರೇಷನ್ ನಡೆಯಿತು. ಗೆಡ್ಡೆ ತೆಗೆದಿದ್ದಾರೆ, ಕೆಟ್ಟ ಜಾತಿಯದಲ್ಲ ಎಂದಿದ್ದಾರೆ. ಕಾಲಿಗೆ ಶಕ್ತಿ ಬರಬಹುದು, ಬರದೆಯೂ ಇರಬಹುದು, ವರ್ಷ ಕಾಯಬೇಕು. ಸಂಜೆ 7 ಗಂಟೆಗೆ ನಾನು ಕ್ಯಾಪ್ಟನ್ ಅವರ ದವಾಖಾನೆಗೆ ಹೋಗಿ ಚೀಟಿ ತೋರಿಸಿ, ಪೆಡಲಿನ ವಿಷಯವನ್ನೂ ಹೇಳಿದೆ. ಅವರು ಕೈಗವಸು ತೆಗೆದು ಎರಡು ಸಲ ಓದಿದರು. ಛೆ ಎಂದರು. ಮೇಷ್ಟ್ರ ಹೆಸರನ್ನು ನಾಳೆಯೇ ಮೊದಲ ಗುಂಪಿನ ಪಟ್ಟಿಗೆ ಸೇರಿಸುತ್ತೇನೆ ಎಂದರು. ಪೆಡಲಿನ ಮಾತು ಪೊಲೀಸರಿಗೆ ಬೇಡ, ವಾಹನಗಳ ಅತಿವೇಗದ ವಿರುದ್ಧ ಭಾನುವಾರ ನಮ್ಮ ಮೆರವಣಿಗೆ ಇದೆ, ನಿಮ್ಮ ಅಂಗಡಿಗೂ ಒಳ್ಳೇದಲ್ಲ ಎಂದೂ ಹೇಳಿದರು. ನಾನು ಚೀಟಿ ವಾಪಸ್ ಇಸಿದುಕೊಂಡೆ.

ಇಂದು ಬೆಳಿಗ್ಗೆ 10.10ಕ್ಕೆ ಠಾಣೆಗೆ ಬಂದೆ. ಸಾಹೇಬರು ಬರುವ ತನಕ ಕಾಯಲು ಹೇಳಿದ್ದರಿಂದ ಬೆಂಚಿನ ಮೇಲೆ ಕುಳಿತೆ. ಎದುರಿನ ಬೆಂಚಿನಲ್ಲಿ ವ್ಯಾನ್ ಚಾಲಕ ಕುಳಿತಿದ್ದರು. ಅವರ ಎಡಗೆನ್ನೆ ಇನ್ನೂ ಊದಿತ್ತು. ಅಮ್ಮಾ, ಅವ್ರು ನಡೀತಾರಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಾಲ್ಕು ದಿನದಿಂದ ಅದೇ ಯೋಚ್ನೆ ಮಾಡ್ತಿದೀನಿ, ಬ್ರೇಕು ಸ್ವಲ್ಪ ಮೊದ್ಲೇ ಹಾಕ್ಬೋದಿತ್ತೇನೋ, ನನ್ ಕಾಲು ತಡ ಮಾಡ್ತೇನೋ ಎಂದರು. ಇಲ್ಲಪ್ಪ, ನೀನು ಸರಿಯಾಗೇ ಹಾಕಿದೀಯ, ನಾನು ಹಿಂದೆ ಇದ್ದು ನೋಡಿದೀನಿ ಎಂದು ಹೇಳಿದೆ. ಅವರು, ಅದನ್ನೂ ಬರೆಸ್ತೀರಾ ಎಂದು ಕೇಳಿದರು. ಕೇಸಿಗಲ್ಲಮ್ಮಾ, ನನಗೆ ಎಂದರು. ಆದ್ದರಿಂದ ಬರೆಸಿದ್ದೇನೆ: ಚಾಲಕ ಬ್ರೇಕ್ ಹಾಕುವಲ್ಲಿ ಸ್ವಲ್ಪವೂ ತಡ ಮಾಡಿಲ್ಲ.

ನಾನು ಹೇಳಿದಂತೆಯೇ ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದಾರೆ. ಕೇಳಿ ತಿಳಿದುಕೊಂಡಿದ್ದೇನೆ. ಇದರಲ್ಲಿ ನಾನು ಕಾಣದೆ, ಕೇಳದೆ, ಮಾಡದೆ ಇರುವುದು ಯಾವುದೂ ಇಲ್ಲ. ಹಿಂದೆ ತಲೆಯಾಡಿಸಿದ್ದನ್ನು ಇದರಿಂದ ವಾಪಸ್ ಪಡೆಯುತ್ತೇನೆ.

ಸ್ಥಳ: ಸಂಚಾರ ಪೊಲೀಸ್ ಠಾಣೆ
ದಿನಾಂಕ: ಸೆಪ್ಟೆಂಬರ್ 18, ಗುರುವಾರ, ಮಧ್ಯಾಹ್ನ 12.40

(ಹೇಳಿಕೆ ಕೊಟ್ಟವಳ ಸಹಿ)