ಎಡಗಡೆ ಗಾಜು

ಇದಲ್ಲ ಕಣ್ಲಾ ತಿಮ್ಮರಾಜು, ನಿನ್ ಕಾರಿನ ಗಾಜು ಇದಲ್ಲ. ಅಡಿಗೆಮನೇಲಿ ಕೂತು ಉಣ್ಣೋವಾಗ ಫೋನ್ ಯಾಕೆ, ಇಲ್ಲಿ ಕೊಡು… ನೋಡು, ಇದು ಬಲಗಡೇದು. ನಿಂದು ಕಳೆದೋಗಿರೋದು ಎಡಗಡೇದು. ಆ ಗಾಜು ಮಾರೋ ಬೆಂಗ್ಳೂರಿನೋನು ಫೋಟೋ ಕಳಿಸ್ಬುಟ್ಟು ನಿಂಗೆ ಟೋಪಿ ಹಾಕ್ತಾವ್ನೆ. ಯಾಕ್ ನಗ್ತೀಯ? ಬೋರಯ್ಯ ಭಾವಂಗೆ ಕೊಬ್ಬರಿ ಬಿಟ್ರೆ ಏನೂ ತಿಳೀದು ಅಂತಾನಾ?

ಮುದ್ದೆ ನುಂಗ್ತಾ ಕೇಳು. ನಿನ್ ಹಳೇ ಫಾರಿನ್ ಕಾರಿನ ಚಾವಣೀಲಿ ಎರಡು ಗಾಜು, ಬೇಕಂದ್ರೆ ಡಬ್ಬಿ ಮುಚ್ಚಳದಂಗೆ ಬಿಚ್ಚಿಡ್ಬೋದು. ಎರಡೂ ಒಂದೇ ಅನ್ಸುತ್ತೆ, ಒಂದೇ ಅಲ್ಲ. ಅವಳಿ ಕರು ಇದ್ದಂಗೆ, ಕಟ್ಟಿ ಹಾಕ್ದೋರಿಗೇ ಗೊತ್ತು. ಕಂಪ್ನಿ ಮುದ್ರೆ ಓದೋ ಹಂಗೆ ಇಟ್ಕೋ. ಬಾಗಿರೋ ಅಂಚು ಎಡಕ್ಕೆ ಬಂದ್ರೆ ಎಡಗಡೇದು. ಅಷ್ಟೇ!

ನಂಗೆಂಗೆ ಗೊತ್ತಾ? ಯುಗಾದಿಯಿಂದ ಕಾರು ನಮ್ಮ ಕೊಬ್ಬರಿ ಮನೆ ಪಕ್ಕದಲ್ಲೇ ನಿಂತಿತ್ತಲ್ಲಪ್ಪ. ಧೂಳು ಒರೆಸಿದ್ದು ಯಾರು, ನಿಮ್ಮಪ್ಪನಾ?

ಕೋತಿ ಎತ್ಕಂಡೋಯ್ತು ಅಂತ ಆವತ್ತೇ ಹೇಳಿದ್ನಲ್ಲ, ಮತ್ಯಾಕ್ ಕೇಳ್ತೀಯ? ಹೂಂ, ಅಷ್ಟು ತೂಕದ್ದೇ. ನಮ್ ಕಡೆ ಕೋತಿ ನೀನು ನೋಡಿಲ್ಲ ಬುಡು. ಅಡಿಗೆಮನೆ ಗಾಜಿನ ಹೆಂಚು ಒಡೆದಾಕಿದ್ದೂ ಅವೇ. ನಿಮ್ಮಕ್ಕ ಎರಡು ತಿಂಗ್ಳು ಕತ್ಲಲ್ಲೇ ಅಡಿಗೆ ಮಾಡಿ, ಒಂದಿನ ಕಾಫಿಗೆ ಖಾರದಪುಡಿ ಹಾಕ್ಬುಟ್ಲು. ಕುಡಿದೋನು ನಾನು.

ಅದಿರ್ಲಿ. ಭಾನುವಾರ ತಿಪಟೂರಲ್ಲಿ ಹಳೇ ಕಾರಿನ ಪ್ರದರ್ಶನ. ಗಾಜಿನ ಜಾಗಕ್ಕೆ ಪ್ಲೈವುಡ್ ಹೊಡ್ಕಂಡು ಬಂದ್ರೆ ಗೇಟಲ್ಲೇ ವಾಪಸ್ ಅಂದವ್ರಂತೆ, ನಿನ್ ಮರ್ವಾದೆ ಪ್ರಶ್ನೆ. ಹಂಗಂತ ಬಲಗಡೇದು ತಂದು ಎಡಕ್ಕೆ ತುರುಕಾಕಾಯ್ತದಾ? ನಿಂದೇ ಆಗ್ಬೇಕು. ನಿಂದು ಗುರುತು ಸುಲಭ. ಮೂಲೇಲಿ ಉಗುರಷ್ಟು ಚಕ್ಕೆ ಎದ್ದೈತೆ. ಮಳೆ ಬಂದ್ರೆ ಅಲ್ಲಿಂದ್ಲೇ ತೊಟ್ಟಿಕ್ತದೆ, ಸೀದಾ ಒಲೆ ಮ್ಯಾಕೆ…

ಒಲೆ ಅಂದ್ನಾ? ಸೀಟು. ಸೀಟು ಅಂದೆ ಕಣಪ್ಪ.

ಮುದ್ದೆ ಯಾಕ್ ಕೈಯಲ್ಲೇ ಹಿಡ್ಕಂಡೆ? ತಟ್ಟೆ ನೋಡ್ಕಂಡು ಉಣ್ಣು, ಮ್ಯಾಲೆ ಏನೈತೆ ಅಂತ… ತಿಮ್ಮರಾಜು. ಬೈಯೋದಾದ್ರೆ ಬೈಯ್ಯಪ್ಪ.

ಸರಿ. ಏಣಿ ಹಿತ್ಲಲ್ಲೈತೆ, ನಾನೇ ಹಿಡ್ಕತೀನಿ, ಹತ್ತಿ ಆ ಹೆಂಚಿನ ಜಾಗದಿಂದ ನಿನ್ ಗಾಜು ಇಳಿಸ್ಕೋ. ಆದ್ರೆ ನಿಮ್ಮಕ್ಕ ಹಸು ಕಟ್ಟಿ ಬಂದ್ಮೇಲೆ ಅವ್ಳಿಗೆ ನೀನೇ ಹೇಳ್ಬೇಕು. ಯಾಕಂದ್ರೆ… ಆ ಗಾಜು ನೀನು ಕೊಡ್ಸಿದ್ದು ಅಂತ ನಾನು ಹೇಳ್ಬುಟ್ಟಿವ್ನಿ. ನನ್ ತಮ್ಮ ಕೊಡ್ಸಿದ್ದು, ನನ್ ತಮ್ಮ ಕೊಡ್ಸಿದ್ದು ಅಂತ ಪುಟ್ಟಗೌರಿ ಕೇರಿಯೋರ್ನೆಲ್ಲಾ ಕರ್ಕಂಡ್ಬಂದು ತೋರಿಸ್ತಾವ್ಳೆ ಕಣ್ಲಾ.

ಈಗ ಹೇಳು. ಏಣಿ ತರ್ಲಾ?