ಹಂಪಯ್ಯ ಕೊಟ್ಟ ಬೇರಿಂಗು

ತೆಲುಗು ಸೀಮೆಯ ಕೂಕಟ್‌ಪಲ್ಲಿ ಬಸ್‌ಸ್ಟಾಪಿನಲ್ಲಿ ಕನ್ನಡ ಕೇಳಿ ತಿರುಗಿದೆ. ಸ್ಕೇಟ್‌ಬೋರ್ಡ್ ಹಿಡಿದ, ಕೊರಳಲ್ಲಿ ಕಂಪನಿ ಕಾರ್ಡು ತೂಗುತ್ತಿದ್ದ ಹುಡುಗಿಯ ಎದುರು, ಕಲ್ಲು ಕೊಯ್ಯುವ ಮಷಿನ್ ಹಿಡಿದ ಹಿರಿಯರೊಬ್ಬರು ನಿಂತಿದ್ದರು.

“ಮಳಿಗಾಲ ಮುಗ್ಯಾಕ ಬಂತಲ್ಲ ತಂಗಿ, ನಾ ಕೊಟ್ಟ ಬೇರಿಂಗ್ ಹೆಂಗೈತಿ?”

“ನೀವೇ ನೋಡಿ, ಹಂಪಯ್ಯಣ್ಣ.”

ಅವರು ಸ್ಕೇಟ್‌ಬೋರ್ಡಿನ ಚಕ್ರ ತಿರುಗಿಸಿ ಕಿವಿಗೊಟ್ಟರು.

“ಸಪ್ಪಳಾನ ಇಲ್ಲ!”

“ಮೊದಲಿದ್ದ ಆ ಫಾರಿನ್ ಬೇರಿಂಗು ಎರಡೇ ಮಳೆಗೆ ತುಕ್ಕು ಹಿಡಿದಿತ್ತು.”

“ಅದಕ್ಕ ಬರೇ ತಗಡಿನ ಮುಚ್ಚಳ. ಸಂದ್ಯಾಗ ಉಸುಕಿನ ಜೊತಿ ನೀರೂ ಹೊಕ್ಕತೈತಿ. ಇದಕ್ಕ ರಬ್ಬರ್ ಮುಚ್ಚಳ, ಒಳಗ ಗ್ರೀಸು. ನನ್ನ ಮಷಿನ್ ದಿನಾ ನೀರಾಗ, ಕಲ್ಲಿನ ಪುಡಿಯಾಗ ತಿರಗತೈತಿ. ಅದರಾಗೂ ಇದೇ ಬೇರಿಂಗ್.”

“ಮನೆ ಮೆಟ್ಟಿಲಿಗೆ ಕಲ್ಲು ಹಾಕೋಕೆ ಬಂದೋರ ಮಾತು ಕೇಳ್ತೀಯಾ ಅಂತ ಆಫೀಸಲ್ಲಿ ನಕ್ಕಿದ್ರು.”

“ಈಗೇನಂತಾರ?”

“ನಿಮ್ಮ ನಂಬರ್ ಕೇಳ್ತಾರೆ!”

“ಕೊಡು, ಕೊಡು. ಮೊದಲು ನಕ್ಕಾವರಿಗೆ ಕಡೀಕ ಹೇಳ್ತೀನಿ.”

ಬಸ್ ಬಂತು. ಹಂಪಯ್ಯನವರ ಹಿಂದೆ ನಾನೂ ಹತ್ತಿದೆ. ಟ್ರಾಫಿಕ್ಕಿನಲ್ಲಿ ತೆವಳುತ್ತಿದ್ದ ನಮ್ಮನ್ನು ಹಿಂದೆ ಹಾಕಿ, ಕೆಸರುನೀರು ಚಿಮ್ಮಿಸುತ್ತಾ ಹುಡುಗಿ ಸ್ಕೇಟ್‌ಬೋರ್ಡಿನ ಮೇಲೆ ಮುಂದೆ ಹೋಗಿಯೇಬಿಟ್ಟಳು. ಹಂಪಯ್ಯ ಕಿಟಕಿಯಿಂದ ಕೈ ಚಾಚಿ, ಬಸ್ಸಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಸಾರಿದರು: ಆ ಬೇರಿಂಗು ಕೊಟ್ಟವನು ತಾನೇ ಎಂದು.