ಸೈಕಲ್ ಬಗ್ಗೆ ಎರಡು ನಿಮಿಷ

ಬಳ್ಳಾರಿಯಿಂದ ಕುರುಗೋಡಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ-ತಂಗಿ ಕೂತಿದ್ದರು. ತಂಗಿಗೆ ಸೋಮವಾರ ಇಂಗ್ಲಿಷ್ ಮಾತಿನ ಪರೀಕ್ಷೆ. ಅಕ್ಕ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದಳು.

“ಸೈಕಲ್ ಬಗ್ಗೆ ಹೇಳಂದ್ರ ಮತ್ತ ಅದನ್ನ ಹೇಳ್ತಿ! ಆರೋಗ್ಯಕ್ಕ ಒಳ್ಳೇದು, ಹೊಗಿ ಬರಂಗಿಲ್ಲ. ಕೋಚಿಂಗ್‌ನ್ಯಾಗ ಎಲ್ಲಾರೂ ಇದನ್ನ ಉರು ಹೊಡದಾರ, ಜಾಸ್ಮಿನ್.”

“ಮತ್ತೇನ್ ಹೇಳ್ಲಿ ಅಕ್ಕಾ?”

“ಅಂಗಡ್ಯಾಗ ಕುಂತು, ಟ್ಯೂಬ್ ನೀರಾಗ ಅದ್ದಿ, ಗುಳ್ಳಿ ಎಲ್ಲಿ ಬರ್ತಾವಂತ ತೂತು ಹುಡುಕ್ತಿದ್ದಿ ಅಲ್ಲ? ಅದನ್ನ ಹೇಳು.”

“ನಮ್ಮ ಅಬ್ಬಾ ಪಂಚರ್ ಹಾಕ್ತಾರಂತ ಹೇಳ್ಲೇನು? ನಗ್ತಾರ.”

“ನಗಲಿ ಬಿಡು. ಮಾರ್ಕ್ಸ್ ಕೊಡ್ತಾರ.”

“ಮೆಲ್ಲಕ ಮಾತಾಡು. ಅದನ್ನೆಲ್ಲ ಹೇಳಾಕ ನನಗ ಇಂಗ್ಲಿಷ್ ಬರಂಗಿಲ್ಲ.”

“ನಿನ್ನ ತಲಿ!”

ಅಕ್ಕ ಪುಸ್ತಕ ಮುಚ್ಚಿದಳು. ಕುರುಗೋಡು ಬಂತು. ಅಲ್ಲಿಯವರೆಗೂ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಹಿರಿಯರೊಬ್ಬರು ಎದ್ದು, ಗ್ರೀಸು ಮೆತ್ತಿದ ಕೈಯಿಂದ ಅವರಿಬ್ಬರ ಚೀಲ ಎತ್ತಿಕೊಂಡರು.

“ಟ್ಯೂಬು, ವಾಲು, ಪೆಡಲು, ಚೈನು, ಬ್ರೇಕು, ಸೊಲ್ಯೂಷನ್ನು. ನಲವತ್ತು ವರ್ಷ ಅಂಗಡ್ಯಾಗ ನಾನು ಮಾತಾಡಿದ್ದು ಮತ್ಯಾವ ಭಾಷಿ, ಬೇಟಿ? ಇಳೀರಿ, ಬಸ್ ಬಿಡ್ತಾನ.”